ಎರಡನೇ ಎದುರುದಾರರ ಪರ ವಕೀಲ

"ಅರ್ಜಿದಾರರು ಹೇಳುವಂಥ ಅಪಘಾತ ನಡೆದೇ ಇಲ್ಲ. ನಡೆದಿದ್ದರೂ ಮೃತರು ಆ ದಿನ ಆ ಲಾರಿಯಲ್ಲಿ ಕೆಲಸಕ್ಕಿರಲಿಲ್ಲ. ಕೆಲಸಕ್ಕಿದ್ದರೂ ಅರ್ಜಿಯಲ್ಲಿ ಹೇಳಿದಷ್ಟು ಸಂಬಳ ಅವರಿಗಿರಲಿಲ್ಲ. ಅವರ ವಯಸ್ಸನ್ನು ಒಪ್ಪುವುದಿಲ್ಲ. ಅರ್ಜಿದಾರರು ಅವರ ಹೆಂಡತಿ ಮಕ್ಕಳು ಎಂಬುದನ್ನೂ ಒಪ್ಪುವುದಿಲ್ಲ. ಇವೆಲ್ಲವನ್ನೂ ಅರ್ಜಿದಾರರೇ ಕಟ್ಟುನಿಟ್ಟಾಗಿ ರುಜುವಾತು ಮಾಡಬೇಕು."

ಕೆಲಸಗಾರರ ಪರಿಹಾರದ ಕೇಸುಗಳಲ್ಲಿ ವಿಮಾ ಕಂಪನಿ ಹಾಕುವ ತಕರಾರು ಹೆಚ್ಚೂಕಡಿಮೆ ಹೀಗೇ ಇರುತ್ತದೆ. ಈ ಕೇಸುಗಳಲ್ಲಿ ಒಂದನೇ ಎದುರುದಾರ ಅಂದರೆ ಮಾಲೀಕ, ಎರಡನೇ ಎದುರುದಾರ ಅಂದರೆ ವಿಮಾ ಕಂಪನಿ. ನಾನು ಎರಡನೆಯವರ ಪರ ವಕೀಲ. ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ ಕಡೆಯ ಕೋರ್ಟುಗಳಲ್ಲಿ ವರ್ಷಗಳಿಂದ ಇದೇ ನನ್ನ ಕೆಲಸ. ಎದುರು ಕಡೆ ನಿಂತಿರುವುದು ಸಾಮಾನ್ಯವಾಗಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಡ್ರೈವರ್, ಇಲ್ಲವೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು. ಈ ಕೆಲಸ ಏನು, ಇದರಲ್ಲಿ ಯಾವುದು ನ್ಯಾಯವಾದ ವಾದ, ಯಾವುದು ಬರೀ ರೂಢಿ ಅಂತ ಬರೆಯಬೇಕು ಅನ್ನಿಸುತ್ತಲೇ ಇತ್ತು.

ನನ್ನೂರು ಮುಧೋಳ ಸೀಮೆಯದು. ಕಬ್ಬು, ಸಕ್ಕರೆ ಕಾರ್ಖಾನೆ, ಟ್ರ್ಯಾಕ್ಟರ್‌ಗಳ ನಡುವೆ ಬೆಳೆದೆ. ಕಾನೂನು ಓದಿದ್ದು ಹುಬ್ಬಳ್ಳಿಯಲ್ಲಿ. ಸನ್ನದು ಪಡೆದ ಮೇಲೆ ಒಬ್ಬ ಹಿರಿಯ ವಕೀಲರ ಕಚೇರಿ ಸೇರಿದೆ. ಅವರು ವಿಮಾ ಕಂಪನಿಗಳ ಪ್ಯಾನೆಲ್‌ನಲ್ಲಿದ್ದರು. ಪ್ಯಾನೆಲ್ ವಕೀಲ ಅಂದರೆ ಕಂಪನಿಯ ನೌಕರನಲ್ಲ. ಕಂಪನಿ ತನ್ನ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳುತ್ತದೆ, ಕೇಸು ಬಂದಾಗ ಕಡತ ಕಳಿಸುತ್ತದೆ, ಕೇಸಿಗಿಷ್ಟು ಅಂತ ಫೀಸು ಕೊಡುತ್ತದೆ. ಕಾನೂನು ಕಾಲೇಜಿನಲ್ಲಿ ಈ ಕೆಲಸದ ಬಗ್ಗೆ ಯಾರೂ ಹೇಳಿರಲಿಲ್ಲ. ಸಂವಿಧಾನ, ಅಪರಾಧ, ಒಪ್ಪಂದಗಳ ಕಾನೂನು ಓದಿ ಬಂದವರಿಗೆ ಇಲ್ಲಿ ಮೊದಲು ಸಿಗುವುದು ಪಂಚನಾಮೆ, ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಪಾಲಿಸಿಯ ಷರತ್ತುಗಳು, ಮೂಳೆ ಡಾಕ್ಟರ ಎಕ್ಸ್‌ರೇ. ತಕರಾರು ಬರೆಯುವುದನ್ನು ನನಗೆ ಕಲಿಸಿದ್ದು ಟೈಪಿಸ್ಟ್. ಅವರ ಕಂಪ್ಯೂಟರಿನಲ್ಲಿ ಒಂದು ಸಿದ್ಧ ನಮೂನೆ ಇತ್ತು. ಹೆಸರು, ತಾರೀಕು, ಗಾಡಿ ನಂಬರ್ ಬದಲಿಸಿದರೆ ಮುಗಿಯಿತು. ಮೇಲೆ ಕೊಟ್ಟದ್ದು ಅಂಥದ್ದೇ ನಮೂನೆ.

ಈ ಕಾನೂನು ಹುಟ್ಟಿದ್ದು ಯಾಕೆ ಅನ್ನೋದು ಗೊತ್ತಾದ ಮೇಲೆ ಆ ನಮೂನೆ ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. 1837ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕೇಸು ತೀರ್ಮಾನವಾಯಿತು. ಕಸಾಯಿ ಅಂಗಡಿಯವನೊಬ್ಬನ ಬಳಿ ಕೆಲಸಕ್ಕಿದ್ದ ಹುಡುಗ ಜಾಸ್ತಿ ಭಾರ ಹೇರಿದ ಗಾಡಿಯಲ್ಲಿ ಹೊರಟಿದ್ದ. ಗಾಡಿ ಮುರಿಯಿತು, ಹುಡುಗನ ತೊಡೆ ಮೂಳೆಯೂ ಮುರಿಯಿತು. ಜ್ಯೂರಿ 100 ಪೌಂಡ್ ಕೊಡಿಸಿತು. ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ಗಾಡಿಯ ಅಪಾಯ ಆಳಿಗೂ ಗೊತ್ತಿತ್ತು, ಬೇಡ ಅನ್ನಬಹುದಿತ್ತು ಅನ್ನೋದು ಆ ತೀರ್ಪಿನ ದಾರಿ. ಮುಂದೆ ಇದೇ ಬೆಳೆದು, ಜೊತೆ ಕೆಲಸಗಾರನ ತಪ್ಪಿನಿಂದ ಪೆಟ್ಟಾದರೆ ಮಾಲೀಕನ ಹೊಣೆಯೇ ಇಲ್ಲ ಅನ್ನೋ ಮಟ್ಟಕ್ಕೆ ಹೋಯಿತು. ಕಾರ್ಖಾನೆಗಳು ಎದ್ದು ನಿಲ್ಲುತ್ತಿದ್ದ ಕಾಲ. ಮಿಷಿನ್ನಿನಲ್ಲಿ ಕೈ ಕಳೆದುಕೊಂಡವನು ಮಾಲೀಕನ ತಪ್ಪನ್ನು ಸಾಬೀತು ಮಾಡುವುದು ಎಲ್ಲಿಂದ?

ಅದಕ್ಕೆ ಒಂದು ಹೊಸ ಲೆಕ್ಕಾಚಾರ ಬಂತು. ಜರ್ಮನಿಯಲ್ಲಿ 1884ರಲ್ಲಿ, ಇಂಗ್ಲೆಂಡಿನಲ್ಲಿ 1897ರಲ್ಲಿ. ತಪ್ಪು ಯಾರದು ಅಂತ ಕೇಳುವುದೇ ಬೇಡ. ಕೆಲಸದಲ್ಲಿ, ಕೆಲಸದಿಂದ ಪೆಟ್ಟಾದರೆ ಮಾಲೀಕ ಕೊಡಬೇಕು. ಆದರೆ ಎಷ್ಟು ಅನ್ನೋದನ್ನು ಕಾನೂನೇ ಗೊತ್ತು ಮಾಡುತ್ತದೆ. ಕೆಲಸಗಾರನಿಗೆ ಖಚಿತವಾಗಿ ಸಿಗುತ್ತದೆ, ಸ್ವಲ್ಪ ಕಮ್ಮಿ ಸಿಗುತ್ತದೆ. ಮಾಲೀಕನಿಗೆ ದೊಡ್ಡ ದಾವೆಯ ಭಯ ಇಲ್ಲ. ನಮ್ಮಲ್ಲಿ ಇದು 1923ರ ಕೆಲಸಗಾರರ ಪರಿಹಾರ ಕಾಯ್ದೆಯಾಗಿ ಬಂತು. 1924ರ ಜುಲೈ 1ರಿಂದ ಜಾರಿ. 2010ರ ಜನವರಿಯಿಂದ ಕಾಯ್ದೆಯ ಹೆಸರಿನಲ್ಲಿ 'ವರ್ಕ್‌ಮನ್' ಹೋಗಿ 'ಎಂಪ್ಲಾಯೀ' ಆಯಿತು. ಹೆಸರು ಬದಲಾದರೂ ತಿರುಳು ಅದೇ ಉಳಿಯಿತು.

ಈ ಒಪ್ಪಂದದಲ್ಲಿ ಕೆಲಸಗಾರ ಈಗಾಗಲೇ ತನ್ನ ಪಾಲು ಬಿಟ್ಟುಕೊಟ್ಟಿದ್ದಾನೆ. ಪೂರ್ತಿ ನಷ್ಟ ಕೇಳುವ ಹಕ್ಕನ್ನು ಬಿಟ್ಟು ಲೆಕ್ಕದ ಮೊತ್ತಕ್ಕೆ ಒಪ್ಪಿದ್ದಾನೆ. ಹಾಗಿರುವಾಗ ಆ ಮೊತ್ತವೂ ಬೇಗ ಸಿಗದಂತೆ ಮಾಡಿದರೆ ಒಪ್ಪಂದ ಮುರಿದಂತೆ ಅಲ್ವಾ? ಈ ವೃತ್ತಿಯಲ್ಲಿ ನಾನು ಕೇಳಿಕೊಳ್ಳುವ ದೊಡ್ಡ ಪ್ರಶ್ನೆ ಇದೊಂದೇ.

ಮೊದಲು ನಮ್ಮ ಕೆಲಸದ ನ್ಯಾಯವಾದ ಭಾಗ ಹೇಳುತ್ತೇನೆ. ಅದು ಸಣ್ಣದಲ್ಲ.

ಈ ಕೋರ್ಟಿಗೆ ಬರುವವರು ಯಾರು ಅಂತ ನೋಡಿ. ಸಂಬಳ 21,000 ರೂಪಾಯಿ ದಾಟದ ಕಾರ್ಖಾನೆ ನೌಕರನಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅವನು ಇಲ್ಲಿಗೆ ಬರುವಂತಿಲ್ಲ. 1948ರ ಇಎಸ್‌ಐ ಕಾಯ್ದೆಯೇ ಈ ಬಾಗಿಲು ಮುಚ್ಚಿತ್ತು. ಅವನಿಗೆ ಬರಬೇಕಾದ್ದು ಅಲ್ಲಿಂದಲೇ ಬರುತ್ತದೆ. ಇಲ್ಲಿಗೆ ಬರುವವರು ಇಎಸ್‌ಐ ಮುಟ್ಟದ ಜನ. ಲಾರಿ ಡ್ರೈವರ್, ಕ್ಲೀನರ್, ಹಮಾಲಿ, ಕಟ್ಟಡದ ಕೂಲಿ, ಕಲ್ಲು ಕ್ವಾರಿಯವರು, ಕಬ್ಬು ಕಡಿಯುವವರು. ಇವರಲ್ಲಿ ಹೆಚ್ಚಿನವರಿಗೆ ನೇಮಕದ ಪತ್ರ ಇಲ್ಲ, ಹಾಜರಿ ಪುಸ್ತಕ ಇಲ್ಲ, ಸಂಬಳದ ಚೀಟಿ ಇಲ್ಲ. ಇಡೀ ಕೆಲಸ ಬಾಯಿಮಾತಿನ ಮೇಲೆ ನಡೆಯುತ್ತದೆ. ಹಾಗಾಗಿ ಇಲ್ಲಿ ಪ್ರಶ್ನೆ ಕೇಳುವವರೊಬ್ಬರು ಬೇಕೇ ಬೇಕು.

ಮಾಲೀಕ ಕೇಳುವುದಿಲ್ಲ ಯಾಕೆ ಅಂದರೆ, ವಿಮೆ ಇದ್ದರೆ ಅವನ ಜೇಬಿನಿಂದ ಹೋಗುವುದು ಕಮ್ಮಿ. ಕೆಲವರು ಕೋರ್ಟಿಗೇ ಬರುವುದಿಲ್ಲ, ಎಕ್ಸ್‌ಪಾರ್ಟಿ ಆಗುತ್ತಾರೆ. ಕೆಲವರು ಬಂದು ಎಲ್ಲವನ್ನೂ ಒಪ್ಪಿಕೊಂಡು ಹೋಗುತ್ತಾರೆ. "ಹೌದು, ನನ್ನ ಹತ್ತಿರ ಕೆಲಸಕ್ಕಿದ್ದ. ಹೌದು, ಅಷ್ಟೇ ಸಂಬಳ ಕೊಡುತ್ತಿದ್ದೆ." ಅದು ನಿಜ ಇರಬಹುದು, ಇಲ್ಲದೆಯೂ ಇರಬಹುದು. ಗಾಡಿಯಲ್ಲಿ ಸುಮ್ನೆ ಹತ್ತಿಕೊಂಡು ಹೊರಟ ನೆಂಟ ಅಪಘಾತದ ಮರುದಿನ ಕ್ಲೀನರ್ ಆಗಿಬಿಡುವುದುಂಟು. ಸ್ವಂತ ಗಾಡಿ ಓಡಿಸುತ್ತಿದ್ದ ಮಗ, ಅಪ್ಪನ ಹೆಸರಲ್ಲಿ ಆರ್‌ಸಿ ಇದ್ದ ಮಾತ್ರಕ್ಕೆ, ಅಪ್ಪನ ಸಂಬಳದ ಡ್ರೈವರ್ ಆಗುವುದುಂಟು. ಅಪ್ಪ ಮಗನನ್ನು ಸಂಬಳಕ್ಕೆ ಇಟ್ಟುಕೊಳ್ಳಬಾರದು ಅಂತ ಕಾನೂನಿಲ್ಲ. ಆದರೆ ಇಟ್ಟುಕೊಂಡಿದ್ದರು ಅನ್ನೋದಕ್ಕೆ ಏನಾದರೂ ಬೇಕಲ್ಲ. ಎಫ್‌ಐಆರ್‌ನಲ್ಲಿ ಏನಿತ್ತು? ಆಸ್ಪತ್ರೆಗೆ ಸೇರಿಸಿದ ರಾತ್ರಿ ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಾಳುಗಳ ವಿವರ ಆಸ್ಪತ್ರೆ ಬರೆದಿಡುವ ಪುಸ್ತಕದಲ್ಲಿ, ಏನು ಬರೆಸಿದರು? ಬೈಕಿನಿಂದ ಬಿದ್ದದ್ದು ಅಂತ ಮೊದಲು ಬರೆಸಿ, ವಾರ ಕಳೆದ ಮೇಲೆ ಟ್ರ್ಯಾಕ್ಟರಿನಿಂದ ಬಿದ್ದದ್ದು ಅಂತ ದೂರು ಕೊಟ್ಟರೋ? ಇವನ್ನು ಹುಡುಕಿ ತೆಗೆಯುವುದು ನಮ್ಮ ಕೆಲಸ. ಸುಳ್ಳು ಕೇಸು ಗೆದ್ದರೆ ಆ ಹಣ ಕೊನೆಗೆ ಪ್ರೀಮಿಯಂ ಕಟ್ಟುವ ಪ್ರತಿಯೊಬ್ಬ ಲಾರಿ ಮಾಲೀಕನ ತಲೆಗೇ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಕಾಲು ಕಳೆದುಕೊಂಡವನನ್ನೂ ಎಲ್ಲರೂ ಅನುಮಾನದಿಂದಲೇ ನೋಡುವಂತಾಗುತ್ತದೆ.

ಕಬ್ಬಿನ ಕೇಸುಗಳು ಇನ್ನೂ ಜಟಿಲ. ಕಾರ್ಖಾನೆ ಕಬ್ಬು ನುರಿಸುತ್ತದೆ. ಕಡಿದು ಸಾಗಿಸುವ ಗುತ್ತಿಗೆ ಇನ್ನೊಬ್ಬರದು. ಗ್ಯಾಂಗ್ ಕರೆತರುವ ಮುಖಂಡ ಮತ್ತೊಬ್ಬ, ಮುಂಗಡ ಕೊಟ್ಟಿರುವುದು ಅವನೇ. ಟ್ರ್ಯಾಕ್ಟರ್ ಯಾವುದೋ ರೈತನದು. ಗಂಡ ಹೆಂಡತಿ ಇಬ್ಬರೂ ಟನ್ನಿನ ಲೆಕ್ಕದಲ್ಲಿ ದುಡಿಯುತ್ತಾರೆ. ರಾತ್ರಿ ಹೊತ್ತು ತುಂಬಿದ ಟ್ರೈಲರ್ ಕಾಲುವೆ ಪಕ್ಕ ಮಗುಚಿ ಹೆಂಡತಿ ಸತ್ತರೆ ಅವಳು ಯಾರ ಕೆಲಸಗಾರ್ತಿ? ಕಾಯ್ದೆಯ 12ನೇ ಕಲಮು ಇದಕ್ಕೆ ಒಂದು ದಾರಿ ತೋರಿಸಿದೆ. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸುವ ಮೂಲ ಮಾಲೀಕನೇ ಮೊದಲು ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಹೀಗಿದ್ದರೂ ಅರ್ಜಿ ಹಾಕುವಾಗ ಟ್ರ್ಯಾಕ್ಟರ್ ಮಾಲೀಕನ ಹೆಸರೊಂದೇ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಆಗ ಪಾಲಿಸಿ ತೆಗೆದು ನೋಡುತ್ತೇವೆ. ಟ್ರ್ಯಾಕ್ಟರಿಗೆ ವಿಮೆ ಇರುತ್ತದೆ, ಟ್ರೈಲರಿಗೆ ಇರುವುದಿಲ್ಲ. ಡ್ರೈವರ್‌ನ ಹೊಣೆಗೆ ಪ್ರೀಮಿಯಂ ಕಟ್ಟಿರುತ್ತಾರೆ, ಕೂಲಿಯವರಿಗೆ ಕಟ್ಟಿರುವುದಿಲ್ಲ. ಹೊಲದ ಕೆಲಸಕ್ಕೆ ಅಂತ ಪಾಲಿಸಿ, ಓಡಿಸಿದ್ದು ಬಾಡಿಗೆಗೆ. ಕಟ್ಟದ ಪ್ರೀಮಿಯಂಗೆ ಕಂಪನಿ ಹೊಣೆಯಲ್ಲ ಅಂತ ನಾನು ವಾದಿಸಲೇಬೇಕು, ವಾದಿಸುತ್ತೇನೆ. ಆ ವಾದ ಗೆದ್ದರೆ ಹೊಣೆ ಬೀಳುವುದು ಮೂರ್ನಾಲ್ಕು ಎಕರೆ ಇರುವ, ಸಾಲದ ಟ್ರ್ಯಾಕ್ಟರಿನ ರೈತನ ಮೇಲೆ. ಅವನಿಂದ ಆ ಹೆಣ್ಣುಮಗಳ ಮಕ್ಕಳಿಗೆ ಹಣ ವಸೂಲಾಗುವುದು ಎಷ್ಟು ಕಷ್ಟ ಅಂತ ಕೋರ್ಟಿನಲ್ಲಿರುವ ಎಲ್ಲರಿಗೂ ಗೊತ್ತು. ವಿಮೆ ಮಾರುವ ಟೇಬಲ್ಲಿನಲ್ಲಿ "ನಿಮ್ಮ ಟ್ರೈಲರಿನ ಮೇಲೆ ಕೂಲಿಯವರು ಕೂರುತ್ತಾರಾ?" ಅಂತ ಒಂದು ಪ್ರಶ್ನೆ ಕೇಳಿ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿಸಿಕೊಂಡಿದ್ದರೆ ಈ ಕೇಸು ಹೀಗಾಗುತ್ತಿರಲಿಲ್ಲ. ಕಬ್ಬಿನ ಸೀಮೆಯಲ್ಲಿ ಟ್ರೈಲರ್ ಮೇಲೆ ಯಾರು ಕೂರುತ್ತಾರೆ ಅಂತ ಗೊತ್ತಿಲ್ಲದ ಏಜೆಂಟ್ ಇದ್ದಾನೆಯೇ? ನನಗೆ ಇದರಲ್ಲಿ ಸಿಟ್ಟಿದೆ, ಬಚ್ಚಿಡುವುದಿಲ್ಲ.

ಡ್ರೈವಿಂಗ್ ಲೈಸೆನ್ಸಿನ ವಾದವೂ ಇತ್ತು. ಕಾರಿನ ಲೈಸೆನ್ಸ್ ಇಟ್ಟುಕೊಂಡು ಸಣ್ಣ ಸರಕು ಗಾಡಿ ಓಡಿಸಿದರೆ ಕಂಪನಿ ಹೊಣೆಯಲ್ಲ ಅಂತ ವರ್ಷಗಟ್ಟಲೆ ವಾದ ನಡೆಯಿತು. 2017ರಲ್ಲಿ ಸುಪ್ರೀಂ ಕೋರ್ಟ್, 7,500 ಕಿಲೋ ಒಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು ಅಂದಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಆ ಬಾಗಿಲು ಮುಚ್ಚಿತು. ಒಳ್ಳೆಯದಾಯಿತು.

ಇನ್ನು ಲೆಕ್ಕ. ಈ ಕಾನೂನಿನ ಹೃದಯ ಇರುವುದೇ ಲೆಕ್ಕದಲ್ಲಿ. ಸತ್ತರೆ ತಿಂಗಳ ಸಂಬಳದ ಅರ್ಧ, ಅದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಪೂರ್ತಿ ಶಾಶ್ವತ ಊನವಾದರೆ ಸಂಬಳದ ಶೇ. 60. ಗುಣಕ ವಯಸ್ಸಾದಂತೆ ಇಳಿಯುತ್ತದೆ. 16 ವರ್ಷದವರೆಗೆ 228.54, 35ಕ್ಕೆ 197.06, 65ಕ್ಕೆ 99.37. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದಕ್ಕೆ ಒಂದು ಮಿತಿ ಇದೆ. ಒಂದು ಕಾಲಕ್ಕೆ 4,000 ರೂಪಾಯಿ, 2010ರ ಮೇ 31ರಿಂದ 8,000, 2020ರ ಜನವರಿ 3ರಿಂದ 15,000. ಈ ತಾರೀಕುಗಳು ನನಗೆ ಬಾಯಿಪಾಠ. 35 ವರ್ಷದ ಡ್ರೈವರ್, ತಿಂಗಳಿಗೆ 15,000 ಸಂಬಳ. 2020ರ ಜನವರಿ 2ರಂದು ಸತ್ತರೆ ಮನೆಯವರಿಗೆ 7,88,240 ರೂಪಾಯಿ. ಮರುದಿನ ಸತ್ತರೆ 14,77,950. ಅದೇ ಮನುಷ್ಯ, ಅದೇ ಮಕ್ಕಳು. ಕಟ್ಟಿದ ಮಿತಿಯನ್ನು ಹತ್ತು ಹತ್ತು ವರ್ಷ ಮುಟ್ಟದೆ ಬಿಟ್ಟರೆ ಹೀಗೇ ಆಗುವುದು. ಮಿತಿ ಏರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಬರೀ ಒಂದು ಅಧಿಸೂಚನೆ ಸಾಕು. ವಿಮಾ ಕಂಪನಿ ಪರ ವಕೀಲನಾಗಿದ್ದುಕೊಂಡೇ ಹೇಳುತ್ತೇನೆ, ಈ ಮಿತಿ ಬೆಲೆಗಳ ಜೊತೆ ತಾನಾಗಿ ಏರುವಂತಿರಬೇಕು.

ಪೆಟ್ಟಿನ ಕೇಸುಗಳಲ್ಲಿ ಕಾಯ್ದೆಯ ಮೊದಲ ಅನುಸೂಚಿ ಒಂದು ದೊಡ್ಡ ಪಟ್ಟಿ. ಹೆಬ್ಬೆರಳು ಪೂರ್ತಿ ಹೋದರೆ ಶೇ. 30. ತೋರುಬೆರಳು ಹೋದರೆ ಶೇ. 14. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು. ಈಗ ಅನ್ನಿಸುವುದು ಬೇರೆ. ಪಟ್ಟಿ ಇರುವುದರಿಂದಲೇ ಬೆರಳು ಕಳೆದುಕೊಂಡವನು ತನ್ನ ನೋವನ್ನು ಕೋರ್ಟಿನಲ್ಲಿ ಬಿಡಿಸಿ ಬಿಡಿಸಿ ಸಾಬೀತು ಮಾಡುವ ಅಗತ್ಯ ಇಲ್ಲ. ಬೆರಳು ಇಲ್ಲ ಅನ್ನೋದು ಕಂಡರೆ ಸಾಕು.

ಕಷ್ಟ ಇರುವುದು ಪಟ್ಟಿಯಲ್ಲಿ ಇಲ್ಲದ ಪೆಟ್ಟುಗಳಲ್ಲಿ. ಕಾಲಿನ ಮೂಳೆ ಮುರಿದು ರಾಡ್ ಹಾಕಿದ್ದಾರೆ, ಕೂಡಿದೆ, ಆದರೆ ಮೊದಲಿನಂತೆ ಮಡಚಲು ಆಗುವುದಿಲ್ಲ. ಎಷ್ಟು ದುಡಿಮೆ ಹೋಯಿತು? ಡಾಕ್ಟರ್ ಬಂದು ಹೇಳಬೇಕು. ಬರುವ ಡಾಕ್ಟರ್ ಬಹಳ ಸಲ ಚಿಕಿತ್ಸೆ ಕೊಟ್ಟವರಾಗಿರುವುದಿಲ್ಲ. ಹೊಸ ಎಕ್ಸ್‌ರೇ ನೋಡಿ ಕಾಲಿಗೆ ಶೇ. 45 ಊನ ಅನ್ನುತ್ತಾರೆ. ನಾನು ಎದ್ದು ಕೇಳುತ್ತೇನೆ. ಇದು ಕಾಲಿನದೋ ಇಡೀ ದೇಹದ್ದೋ? ನಮ್ಮ ಕಡೆ ಅಂಗದ ಊನದಲ್ಲಿ ಮೂರನೇ ಒಂದನ್ನು ದೇಹದ ಊನ ಅಂತ ಹಿಡಿಯುವ ರೂಢಿ ಇದೆ. ದೇಹದ ಊನ ಬೇರೆ, ದುಡಿಯುವ ಶಕ್ತಿ ಕಳೆದದ್ದು ಬೇರೆ ಅಲ್ಲವೇ ಅಂತಲೂ ಕೇಳುತ್ತೇನೆ. ಈ ಕೊನೆಯ ಪ್ರಶ್ನೆ ಎರಡೂ ಕಡೆ ಕೊಯ್ಯುವ ಕತ್ತಿ. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವವನಿಗೆ ಶೇ. 45ರ ಕಾಲು ಊನದಿಂದ ದುಡಿಮೆ ಅಷ್ಟೇನೂ ಹೋಗಿರುವುದಿಲ್ಲ. ಲಾರಿ ಡ್ರೈವರಿಗೆ ಅದೇ ಊನ ಬದುಕನ್ನೇ ಮುಗಿಸಬಹುದು.

1975ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಈ ವಿಷಯ ಮುಟ್ಟಿತು. ಸಿನಿಮಾ ಮಂದಿರದಲ್ಲಿ ಅಲಂಕಾರದ ಕೆಲಸ ಮಾಡುವಾಗ ಬಿದ್ದ ಬಡಗಿ. ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಯಿತು. ಪಟ್ಟಿ ಪ್ರಕಾರ ಅದು ಪೂರ್ತಿ ಊನ ಅಲ್ಲ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನಿಗೆ ಅದು ಪೂರ್ತಿ ಊನವೇ ಅಂತ ಕೋರ್ಟು ಹೇಳಿತು. 2008ರಲ್ಲಿ ಟ್ಯಾಂಕರ್ ಡ್ರೈವರೊಬ್ಬನ ಕೇಸು. ಬಲಗಾಲು ಹೋಗಿತ್ತು. ಹೈಕೋರ್ಟು ಪಟ್ಟಿ ನೋಡಿ ಶೇ. 65ಕ್ಕೆ ಇಳಿಸಿತ್ತು, ಸುಪ್ರೀಂ ಕೋರ್ಟು ಶೇ. 100 ಅಂತ ಮತ್ತೆ ಏರಿಸಿತು. ಇಷ್ಟಾದ ಮೇಲೂ ಕಾಲು ಕಳೆದುಕೊಂಡ ಡ್ರೈವರ್ ಮುಂದೆ ನಿಂತು "ಬೇರೆ ಕೆಲಸ ಮಾಡಬಹುದಲ್ಲವೇ" ಅಂತ ಕೇಳುವ ವಕೀಲರಿದ್ದಾರೆ. ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಬಂದು ಎಷ್ಟೋ ವರ್ಷವಾಗಿದೆ.

'ಕೆಲಸದಿಂದ' ಅನ್ನೋದನ್ನು ತೋರಿಸುವುದೂ ಇಂಥದ್ದೇ ನಾಜೂಕಿನ ವಿಷಯ. ಕೆಲಸದ ವೇಳೆಯಲ್ಲಿ ಹೃದಯಾಘಾತ ಆದರೆ? 2006ರಲ್ಲಿ ಒಬ್ಬ ಕ್ಲೀನರ್ ಸತ್ತ ಕೇಸಿನಲ್ಲಿ, ಕೆಲಸದ ಒತ್ತಡಕ್ಕೂ ಸಾವಿಗೂ ನಂಟು ತೋರಿಸುವ ಪುರಾವೆ ಇಲ್ಲ ಅಂತ ಸುಪ್ರೀಂ ಕೋರ್ಟು ಪರಿಹಾರ ಕೊಡಲಿಲ್ಲ. 2012ರಲ್ಲಿ, ದೆಹಲಿಯಿಂದ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಲಾರಿ ಓಡಿಸಿಕೊಂಡು ಬಂದು, ಮೈ ಸರಿಯಿಲ್ಲ ಅಂತ ದಾರಿಬದಿ ಹೋಟೆಲ್ ಹತ್ತಿರ ಗಾಡಿ ನಿಲ್ಲಿಸಿ ಕುಸಿದ ಡ್ರೈವರಿನ ಮನೆಯವರಿಗೆ ಕೊಡಿಸಿತು. ಎರಡೂ ಸಾವು ಒಂದೇ ಥರ ಕಂಡರೂ ಸಾಕ್ಷ್ಯ ಬೇರೆ ಬೇರೆ. ಇಂಥ ಕೇಸಿನಲ್ಲಿ ನಾನು ಎದ್ದು ನಿಂತು ವಾದ ಮಾಡುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಇದು ವಾದ ಮಾಡಬೇಕಾದ ವಿಷಯವೇ.

ಈಗ ರೂಢಿಯ ಭಾಗಕ್ಕೆ ಬರುತ್ತೇನೆ.

ಸಿದ್ಧ ನಮೂನೆಯ ತಕರಾರಿನಲ್ಲಿ "ಮೃತರು ಕುಡಿದಿದ್ದರು" ಅನ್ನೋ ಸಾಲು ಇರುತ್ತದೆ. ಕಾಯ್ದೆಯ 3ನೇ ಕಲಮಿನಲ್ಲಿ ಕುಡಿತ, ಬೇಕೆಂದೇ ಸುರಕ್ಷತಾ ನಿಯಮ ಮೀರುವುದು, ಬೇಕೆಂದೇ ಮಿಷಿನ್ನಿನ ಸುರಕ್ಷತಾ ಗಾರ್ಡ್ ಕಿತ್ತುಹಾಕುವುದು ಅಂತ ಮೂರು ವಿನಾಯಿತಿಗಳಿವೆ, ನಿಜ. ಆದರೆ ಸಾವು ಅಥವಾ ಪೂರ್ತಿ ಶಾಶ್ವತ ಊನ ಆದ ಕೇಸಿಗೆ ಅವು ಅನ್ವಯಿಸುವುದೇ ಇಲ್ಲ ಅಂತ ಅದೇ ಕಲಮಿನಲ್ಲಿದೆ. ಹಾಗಾದರೆ ಸಾವಿನ ಕೇಸಿನಲ್ಲಿ ಆ ಸಾಲು ಯಾಕೆ? ನಮೂನೆಯಲ್ಲಿತ್ತು, ಉಳಿಯಿತು. ಅದನ್ನು ಸತ್ತವನ ಹೆಂಡತಿ ತನ್ನ ವಕೀಲರ ಬಾಯಲ್ಲಿ ಕೇಳಿಸಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅವಳಿಗೆ ಇದು ಹಣದ ಕೇಸಾಗಿ ಉಳಿಯುವುದಿಲ್ಲ, ಗಂಡನ ಮರ್ಯಾದೆಯ ಕೇಸಾಗುತ್ತದೆ. ರಾಜಿಯ ಮಾತು ಬಂದಾಗ ಅವಳು ಮುಖ ತಿರುಗಿಸಿದರೆ ತಪ್ಪು ಅವಳದಲ್ಲ.

ಎಲ್ಲವನ್ನೂ ಅಲ್ಲಗಳೆಯುವುದರ ಬೆಲೆ ಸಮಯ. ಮದುವೆಯಾದದ್ದನ್ನು ಒಪ್ಪದಿದ್ದರೆ ಅದಕ್ಕೊಂದು ಸಾಕ್ಷಿ. ವಯಸ್ಸು ಒಪ್ಪದಿದ್ದರೆ ಶಾಲೆಯ ದಾಖಲೆ ತರಿಸಬೇಕು. ಅಪಘಾತ ಒಪ್ಪದಿದ್ದರೆ ಪೊಲೀಸ್ ಕಾಗದಗಳ ನಕಲು. ಪ್ರತಿಯೊಂದಕ್ಕೂ ಒಂದು ವಾಯಿದೆ. ಈ ಕೇಸುಗಳನ್ನು ವಿಚಾರಿಸುವ ಕಮಿಷನರ್ ಮೂರು ತಿಂಗಳಲ್ಲಿ ತೀರ್ಮಾನ ಮಾಡಬೇಕು ಅಂತ 2009ರ ತಿದ್ದುಪಡಿ ಹೇಳಿತು. ಮೊದಲು ನಮ್ಮ ರಾಜ್ಯದಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಗಳೇ ಈ ಕಮಿಷನರ್ ಆಗಿರುತ್ತಿದ್ದರು. ಆಮೇಲೆ ಕೆಲಸ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಬಂತು. ಜಾಗ ಬದಲಾಯಿತು, ವಾಯಿದೆಗಳು ಹಾಗೇ ಉಳಿದವು. ಮೂರು ತಿಂಗಳಲ್ಲಿ ಮುಗಿದ ಕೇಸು ನಾನು ನೋಡಿಲ್ಲ.

ಪರಿಹಾರ ಕೊಡಬೇಕಾದ್ದು ಅಪಘಾತವಾದ ದಿನವೇ ಅಂತ ಅದೇ 1975ರ ಬಡಗಿಯ ತೀರ್ಪು ಹೇಳಿದೆ. ತೀರ್ಪು ಬಂದ ದಿನದಿಂದ ಅಲ್ಲ. ಬಾಕಿಯಾದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ. ಸಕಾರಣವಿಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೆ ದಂಡ. ಮೇಲಿನ 14,77,950 ರೂಪಾಯಿಗೆ ಬಡ್ಡಿಯೇ ವರ್ಷಕ್ಕೆ 1,77,354. ಐದು ವರ್ಷ ಎಳೆದರೆ 8,86,770. ಕಂಪನಿಗಾದರೂ ಇದರಲ್ಲಿ ಏನು ಲಾಭ? ಯಾರೂ ಗೆಲ್ಲದ ಲೆಕ್ಕ ಇದು. ಬಡ್ಡಿ ಬರುತ್ತದಲ್ಲ ಅಂತ ಕೆಲವರು ಹೇಳುವುದುಂಟು. ಅಪ್ಪ ಸತ್ತ ವರ್ಷ ಶಾಲೆ ಬಿಟ್ಟ ಮಗನಿಗೆ ಐದು ವರ್ಷದ ನಂತರ ಬರುವ ಬಡ್ಡಿಯಿಂದ ಶಾಲೆ ವಾಪಸ್ ಬರುವುದಿಲ್ಲ.

ಇಲ್ಲೊಂದು ಗಂಟಿದೆ. ಬಡ್ಡಿ ವಿಮಾ ಕಂಪನಿಯ ಹೊಣೆ, ದಂಡ ಮಾತ್ರ ಮಾಲೀಕನದೇ ಅಂತ 1997ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಪಾಲಿಸಿ ಓದಿದರೆ ಆ ತೀರ್ಮಾನ ಸರಿಯೇ. ಪಾಲಿಸಿ ಭರಿಸುವುದು ಪರಿಹಾರದ ಹೊಣೆಯನ್ನು, ಮಾಲೀಕನ ತಪ್ಪಿಗೆ ಬಿದ್ದ ದಂಡವನ್ನಲ್ಲ. ಆದರೆ ನಡೆಯುವುದು ಏನು? ಮಾಲೀಕ ವಿಮೆ ಕಟ್ಟಿ, ಸುದ್ದಿ ಮುಟ್ಟಿಸಿ, ಕಾಗದ ಕೊಟ್ಟು ಕೂತಿರುತ್ತಾನೆ. ತಡ ಆಗುವುದು ಕಂಪನಿಯ ಕಡತದಲ್ಲಿ. ತಡ ಮಾಡಿದವರಿಗೆ ದಂಡದ ಬಿಸಿ ತಟ್ಟುವುದೇ ಇಲ್ಲ.

ಕಾಯ್ದೆ ಮಾಡಿದವರು ಇದನ್ನು ಮುಂಚೆಯೇ ಊಹಿಸಿದ್ದರು ಅನ್ನಿಸುತ್ತದೆ. 4ಎ ಕಲಮಿನ ಎರಡನೇ ಭಾಗ ನೋಡಿ. ಕೇಳಿದಷ್ಟು ಹೊಣೆ ಒಪ್ಪದಿದ್ದರೆ, ಒಪ್ಪುವಷ್ಟನ್ನು ಮೊದಲು ಕಟ್ಟಬೇಕು. ಉಳಿದದ್ದಕ್ಕೆ ವಾದ ಮಾಡಬಹುದು. ಎಷ್ಟು ಸರಳ ಅಲ್ವಾ? ಸಂಬಳ 15,000 ಅಂತ ಅವರು, 12,000 ಅಂತ ನಾವು. ಸರಿ, 12,000ದ ಲೆಕ್ಕದಲ್ಲಿ ಬರುವ ಹಣವನ್ನು ಇವತ್ತೇ ಕೋರ್ಟಿಗೆ ಕಟ್ಟೋಣ. ಮಿಕ್ಕ 3,000ಕ್ಕೆ ಜಗಳ ಮಾಡೋಣ. ಇಡೀ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಸಾಲು ಇದು. ಇದರಷ್ಟು ಮೂಲೆ ಸೇರಿದ ಸಾಲೂ ಇನ್ನೊಂದಿಲ್ಲ. ಎಲ್ಲವನ್ನೂ ಅಲ್ಲಗಳೆಯುವ ನಮೂನೆ ಇದ್ದರೆ 'ಒಪ್ಪುವಷ್ಟು' ಅನ್ನೋದೇ ಹುಟ್ಟುವುದಿಲ್ಲ.

ಕಂಪನಿಯ ಅಧಿಕಾರಿಗಳನ್ನು ದೂರುವುದು ಸುಲಭ. ಅವರ ಕಷ್ಟವೂ ನನಗೆ ಗೊತ್ತು. ಕೋರ್ಟಿನ ಆದೇಶದ ಮೇಲೆ ಕೊಟ್ಟ ಹಣಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ. ತಾವಾಗಿ ಒಪ್ಪಿ ಕೊಟ್ಟ ಹಣಕ್ಕೆ ಆಡಿಟ್‌ನಲ್ಲಿ ಉತ್ತರ ಹೇಳಬೇಕು. ಅದಕ್ಕೇ ಲೋಕ ಅದಾಲತ್ ಅಂದರೆ ಅವರಿಗೂ ಸಮಾಧಾನ. ಅಲ್ಲಿ ಎಲ್ಲರೂ ಕೂತಿರುತ್ತಾರೆ, ಆದೇಶ ಇರುತ್ತದೆ, ಸಹಿ ಹಾಕಲು ಧೈರ್ಯ ಬರುತ್ತದೆ. ಆ ಧೈರ್ಯ ಬರುವಂಥ ಅಭಿಪ್ರಾಯ ಬರೆದುಕೊಡುವುದು ವಕೀಲನ ಕೆಲಸ. ಕಡತ ಬಂದ ಕೂಡಲೇ ಓದಿ, "ಈ ಕೇಸಿನಲ್ಲಿ ಕೆಲಸಗಾರ ಹೌದು, ಅಪಘಾತ ಹೌದು, ಪಾಲಿಸಿ ಚಾಲ್ತಿಯಲ್ಲಿದೆ. ವಿವಾದ ಇರುವುದು ಸಂಬಳದಲ್ಲಿ ಮಾತ್ರ. ಇಷ್ಟು ಕಟ್ಟಿ, ಬಡ್ಡಿ ಉಳಿಯುತ್ತದೆ" ಅಂತ ಬರೆದು ಕೊಟ್ಟರೆ ಬಹಳ ಅಧಿಕಾರಿಗಳು ಕೇಳುತ್ತಾರೆ. ಕೇಳದಿದ್ದರೂ ಆ ಕಾಗದ ಕಡತದಲ್ಲಿ ಉಳಿಯುತ್ತದೆ, ಬಡ್ಡಿ ಬೆಳೆದ ಮೇಲೆ ಮಾತಾಡುತ್ತದೆ. ಹೀಗೆ ಬರೆದರೆ ಕೇಸು ಬೇಗ ಮುಗಿಯುತ್ತದೆ, ಮುಂದಿನ ಕೇಸಿಗೆ ಕೈ ಬಿಡುವಾಗುತ್ತದೆ. ಸುಳ್ಳು ಕೇಸಿನಲ್ಲಿ ನಾನು ಎದ್ದು "ಇದು ಸುಳ್ಳು" ಅಂದಾಗ ನ್ಯಾಯಾಧೀಶರು ಕಿವಿಗೊಡುವುದೂ ಇದರಿಂದಲೇ. ಎಲ್ಲ ಕೇಸಿನಲ್ಲೂ ಇಲ್ಲ ಅಂದವನ ಇಲ್ಲಕ್ಕೆ ಬೆಲೆ ಇರುವುದಿಲ್ಲ.

ಮೇಲ್ಮನವಿಯ ಆಸೆಯೂ ಈಗ ಅಷ್ಟಿಲ್ಲ. ಹೈಕೋರ್ಟಿಗೆ ಹೋಗಬೇಕಾದರೆ ಗಂಭೀರವಾದ ಕಾನೂನಿನ ಪ್ರಶ್ನೆ ಇರಬೇಕು. ಮಾಲೀಕನೋ ಕಂಪನಿಯೋ ಹೋಗುವುದಾದರೆ ಆದೇಶದ ಹಣ ಕಟ್ಟಿಯೇ ಹೋಗಬೇಕು. ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು, ವಾಸ್ತವಾಂಶದ ವಿಷಯದಲ್ಲಿ ಕಮಿಷನರ್ ಮಾತೇ ಕೊನೆ, ಹೈಕೋರ್ಟು ಸಾಕ್ಷ್ಯವನ್ನು ಮತ್ತೆ ತೂಗಬಾರದು ಅಂತ ಸ್ಪಷ್ಟವಾಗಿ ಹೇಳಿತು. ಅಂದರೆ ಧಾರವಾಡ ಪೀಠದಲ್ಲಿ ನೋಡಿಕೊಳ್ಳೋಣ ಅಂತ ಕೆಳಗೆ ಉದಾಸೀನ ಮಾಡಿದರೆ ಆಗುವುದಿಲ್ಲ. ಡಾಕ್ಟರನ್ನು ಸರಿಯಾಗಿ ಪಾಟಿ ಸವಾಲು ಮಾಡುವುದು, ಎಂಎಲ್‌ಸಿ ರಿಜಿಸ್ಟರ್ ತರಿಸುವುದು ಎಲ್ಲ ಇಲ್ಲೇ ಆಗಬೇಕು. ತಾಲೂಕು ಕೋರ್ಟಿನ ವಕೀಲಿಕೆಗೆ ಇದು ಸಿಕ್ಕ ಗೌರವ ಅಂತಲೇ ನಾನು ತಿಳಿದಿದ್ದೇನೆ.

ಜೂನಿಯರ್‌ಗಳು ಬಂದರೆ ನಾನು ಮೊದಲು ಹೇಳುವುದು ಪಾಲಿಸಿಯನ್ನು ಕೊನೆಯ ಪುಟದವರೆಗೂ ಓದಿ ಅಂತ. ಎರಡನೆಯದು, ಅಪಘಾತದ ಜಾಗ ನೋಡಿ ಬನ್ನಿ ಅಂತ. ಕಲ್ಲು ಪುಡಿ ಮಾಡುವ ಕ್ರಷರ್ ಹೇಗೆ ತಿರುಗುತ್ತದೆ, ಕಬ್ಬಿನ ಹೊರೆ ಹೊತ್ತು ಹಲಗೆ ಮೇಲೆ ಟ್ರೈಲರ್ ಹತ್ತುವುದು ಅಂದರೇನು ಅಂತ ನೋಡದವರು ಕೇಳುವ ಪ್ರಶ್ನೆಗಳಿಗೂ ನೋಡಿದವರು ಕೇಳುವ ಪ್ರಶ್ನೆಗಳಿಗೂ ಬಹಳ ವ್ಯತ್ಯಾಸ ಇರುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತವರಿಗೂ ಅದು ಗೊತ್ತಾಗುತ್ತದೆ.

ಈಗ ಕಾನೂನೇ ಹೊಸ ಮನೆಗೆ ಬಂದಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಯಿತು. 1923ರ ಕಾಯ್ದೆಯ ವಿಷಯ ಅದರ ಏಳನೇ ಅಧ್ಯಾಯದಲ್ಲಿದೆ. ಹಳೆಯ ಕೇಸುಗಳು ಇನ್ನೂ ಬೇಕಾದಷ್ಟಿವೆ, ಅವು ಮುಗಿಯುವವರೆಗೂ ಎರಡೂ ಪುಸ್ತಕ ಮೇಜಿನ ಮೇಲೆ ಇರಬೇಕು. ನನ್ನ ಕೆಲಸದಲ್ಲಿ ದೊಡ್ಡ ಬದಲಾವಣೆ ಬಂದಿರುವುದು ದಾರಿಯ ವಿಷಯದಲ್ಲಿ. 1958ರಲ್ಲಿ ಸೌರಾಷ್ಟ್ರದ ಉಪ್ಪಿನ ಕಾರ್ಖಾನೆಯ ಕೆಲಸಗಾರರು ಕೆಲಸ ಮುಗಿಸಿ ಹೊಳೆ ದಾಟುವಾಗ ದೋಣಿ ಮುಳುಗಿ ಸತ್ತ ಕೇಸು ಸುಪ್ರೀಂ ಕೋರ್ಟಿಗೆ ಬಂದಿತ್ತು. ಎಲ್ಲರೂ ಬಳಸುವ ಕಡವಿಗೆ ಬಂದ ಮೇಲೆ ಅವರು ಕೆಲಸದಲ್ಲಿಲ್ಲ ಅಂತ ಪರಿಹಾರ ಸಿಗಲಿಲ್ಲ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದದ್ದಕ್ಕೆ ಹೊಣೆಯಿಲ್ಲ ಅನ್ನೋದು ನಮ್ಮ ಕೈಯಲ್ಲಿದ್ದ ಗಟ್ಟಿ ವಾದ. ಇಎಸ್‌ಐ ಇದ್ದವರಿಗೆ 2010ರಿಂದಲೇ ದಾರಿಯ ಅಪಘಾತಕ್ಕೂ ರಕ್ಷಣೆ ಬಂದಿತ್ತು. ನಮ್ಮ ಕೋರ್ಟಿಗೆ ಬರುವ ಡ್ರೈವರ್, ಕಾವಲುಗಾರರಿಗೆ ಇರಲಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಈ ಕಂದಕ ಮುಚ್ಚಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ, ಬೆಳಗಿನ ಜಾವ 3 ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟವನು ಕಾರ್ಖಾನೆ ಇನ್ನೂ 5 ಕಿಲೋಮೀಟರ್ ಇರುವಾಗ ಸತ್ತಿದ್ದ. ಸತ್ತದ್ದು 2003ರಲ್ಲಿ. ತೀರ್ಪು ಬಂದದ್ದು 22 ವರ್ಷದ ನಂತರ. ಹೊಸ ಸಂಹಿತೆಯಲ್ಲಿ ಇದನ್ನು ನೇರವಾಗಿಯೇ ಬರೆದಿದ್ದಾರೆ. ಹೊತ್ತು, ಜಾಗ, ಸಂದರ್ಭ ನೋಡಿ ಕೆಲಸಕ್ಕೂ ಅಪಘಾತಕ್ಕೂ ನಂಟು ಕಂಡರೆ ಸಾಕು.

ನಂಟು ಎಲ್ಲಿಯವರೆಗೆ ಅನ್ನೋದೇ ಇನ್ನು ಮುಂದೆ ನಮ್ಮ ವಾದ. ಕ್ರಷರ್‌ಗೆ ಹೊರಟ ಆಪರೇಟರ್ ಹಾಲು ಹಾಕಲು ಡೈರಿ ಕಡೆ ತಿರುಗಿದರೆ? ಮಗಳನ್ನು ಶಾಲೆಗೆ ಬಿಟ್ಟು ಹೋಗುತ್ತಿದ್ದರೆ? ಪಾಳಿ ಮುಗಿದು ಎರಡು ತಾಸು ಸಂತೆಯಲ್ಲಿದ್ದು ಆಮೇಲೆ ಮನೆಗೆ ಹೊರಟಿದ್ದರೆ? ಇವಕ್ಕೆಲ್ಲ ಉತ್ತರ ಕೇಸು ಕೇಸಾಗಿ ಬರಬೇಕು. ಅಂಥ ಕಡತ ನನ್ನ ಮೇಜಿಗೆ ಬಂದರೆ ನಾನು ಬಲವಾಗಿಯೇ ವಾದ ಮಾಡುತ್ತೇನೆ. ಅವನು ಆ ಕ್ರಷರಿನ ಕೆಲಸಗಾರ, ಅವತ್ತು ಅವನಿಗೆ ಪಾಳಿ ಇತ್ತು, ಪಾಲಿಸಿ ಚಾಲ್ತಿಯಲ್ಲಿತ್ತು ಅನ್ನೋದನ್ನು ತಕರಾರಿನ ಮೊದಲ ಪುಟದಲ್ಲೇ ಒಪ್ಪಿಕೊಂಡು, ಜಗಳ ಇರುವುದು ಡೈರಿಯ ತಿರುವಿನದು ಮಾತ್ರ ಅಂತ ಬರೆದು ಸಲ್ಲಿಸುತ್ತೇನೆ.